ಮೊದಲು ಹಾಳೆ ಮೇಲೆ ಲೆಕ್ಕ, ಆಮೇಲೆ ರಿಟರ್ನ್

ನಾನು ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಒಂದು ಅಡತಿ ಅಂಗಡಿಯ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸುವ ಅಂಗಡಿಯ, ಕೀರ್ದಿ ಬರೆಯುತ್ತೇನೆ. ಹತ್ತಿ, ತೊಗರಿ, ಭತ್ತ, ಶೇಂಗಾ, ಏನೇ ಬಂದರೂ ತೂಕ, ದರ, ಹಮಾಲಿ, ಕಮಿಷನ್ ಎಲ್ಲ ನನ್ನ ಕೈಯಿಂದಲೇ ಪುಸ್ತಕಕ್ಕೆ ಇಳಿಯುತ್ತವೆ. 19 ವರ್ಷ ಆಯಿತು. ಸಂಜೆ ಮನೆಗೆ ಬಂದ ಮೇಲೆ ಓಣಿಯವರ ಆದಾಯ ತೆರಿಗೆ ರಿಟರ್ನ್ ತುಂಬಲು ಸಹಾಯ ಮಾಡುತ್ತೇನೆ. ದುಡ್ಡು ತಗೊಳ್ಳುವುದಿಲ್ಲ. ಒಂದು ಕರಾರು ಮಾತ್ರ ಇದೆ. ಮೊದಲನೇ ವರ್ಷ ನೀವು ಪಕ್ಕದಲ್ಲಿ ಕೂತು ನೋಡಬೇಕು. ಎರಡನೇ ವರ್ಷ ನೀವೇ ತುಂಬಬೇಕು, ನಾನು ಪಕ್ಕದಲ್ಲಿ ಕೂರುತ್ತೇನೆ.

ಇಲ್ಲಿ ಬರೆದಿರುವುದು ಆ ಎರಡನೇ ವರ್ಷದವರಿಗೆ. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ ದುಡಿದ ದುಡ್ಡಿನ ಲೆಕ್ಕ ಇದು. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ ಅಂತ ಕೇಳಿರುತ್ತೀರಿ. ಅದು ಅಲ್ಲಿಂದ ಮುಂದಿನ ದುಡಿಮೆಗೆ. ಈ ವರ್ಷದ ರಿಟರ್ನ್ 1961ರ ಹಳೇ ಕಾಯ್ದೆಯ ಪ್ರಕಾರವೇ ಹೋಗುತ್ತದೆ.

ಶುರು ಮಾಡುವ ಮುಂಚೆ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. "12 ಲಕ್ಷದವರೆಗೆ ತೆರಿಗೆ ಇಲ್ಲ, ನಾನು ಯಾಕೆ ರಿಟರ್ನ್ ಹಾಕಲಿ?" ಅಂತ ನನ್ನನ್ನು ಕೇಳದವರಿಲ್ಲ. ತೆರಿಗೆ ಇಲ್ಲದಿರುವುದು ಬೇರೆ, ರಿಟರ್ನ್ ಬೇಡದಿರುವುದು ಬೇರೆ. ಆ ಹಳೇ ಕಾಯ್ದೆಯ ಒಳಗೇ ತೆರಿಗೆ ಲೆಕ್ಕ ಹಾಕಲು ಹೊಸದು, ಹಳೇದು ಅಂತ ಎರಡು ಪದ್ಧತಿ ಇವೆ. ಹೊಸ ಪದ್ಧತಿಯಲ್ಲಿ ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಹಾಕಲೇಬೇಕು. 12 ಲಕ್ಷದವರೆಗಿನ ತೆರಿಗೆಯನ್ನು ಸರಕಾರ ರಿಬೇಟ್ ಕೊಟ್ಟು ಸೊನ್ನೆ ಮಾಡುತ್ತದೆ. ಲೆಕ್ಕ ತೋರಿಸಿದವರಿಗೆ ಸಿಗುವ ರಿಯಾಯಿತಿ ಅದು. 4 ಲಕ್ಷಕ್ಕಿಂತ ಕಡಿಮೆ ಇದ್ದರೂ ನಿಮ್ಮ ಹೆಸರಲ್ಲಿ 25,000 ರೂಪಾಯಿ ಅಥವಾ ಜಾಸ್ತಿ ಟಿಡಿಎಸ್ (ದುಡ್ಡು ಕೊಡುವವರು ಮೊದಲೇ ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆ) ಕತ್ತರಿಸಿದ್ದರೆ ಹಾಕಬೇಕು. ಅದಕ್ಕಿಂತ ಕಡಿಮೆ ಕತ್ತರಿಸಿದ್ದರೆ ಹಾಕಲೇಬೇಕು ಅಂತಿಲ್ಲ. ಆದರೆ ಹಾಕದಿದ್ದರೆ ಆ ದುಡ್ಡು ವಾಪಸ್ ಬರುವುದಿಲ್ಲ.

ಯಾವಾಗ ಕೂರಬೇಕು

ಏಪ್ರಿಲ್‌ನಲ್ಲಿ ಅವಸರ ಬೇಡ. ಜನವರಿಯಿಂದ ಮಾರ್ಚ್‌ವರೆಗೆ ಯಾರು ಎಷ್ಟು ಟಿಡಿಎಸ್ ಕತ್ತರಿಸಿದರು ಅನ್ನುವ ಲೆಕ್ಕವನ್ನು ಕಂಪನಿಗಳು ಮೇ 31ರವರೆಗೆ ಸಲ್ಲಿಸಬಹುದು. ಸಂಬಳದವರಿಗೆ ಫಾರ್ಮ್ 16, ಅಂದರೆ ಸಂಬಳ ಎಷ್ಟು, ತೆರಿಗೆ ಎಷ್ಟು ಕತ್ತರಿಸಿದೆ ಅಂತ ಮಾಲೀಕರು ಕೊಡುವ ಕಾಗದ, ಜೂನ್ 15ರೊಳಗೆ ಕೈಗೆ ಬರಬೇಕು. ನಮ್ಮ ಕಡೆ ಮಿರಗ ಮಳೆ ಬೀಳುವ ಹೊತ್ತು ಅದು, ಹತ್ತಿ ಬೀಜಕ್ಕೆ ಅಂಗಡಿ ಮುಂದೆ ಸಾಲು ನಿಲ್ಲುವ ಹೊತ್ತು. ಆಗ ಕೂತರೆ ಸರಿ. ಸಂಬಳದವರಿಗೆ ಕೊನೆ ದಿನ ಜುಲೈ 31. ತಡವಾದರೂ ಡಿಸೆಂಬರ್ 31ರವರೆಗೆ ಹಾಕಬಹುದು, ಆದರೆ ದಂಡ ಬೀಳುತ್ತದೆ. ಆದಾಯ 5 ಲಕ್ಷದೊಳಗಿದ್ದರೆ 1,000 ರೂಪಾಯಿ, ಮೇಲಿದ್ದರೆ 5,000.

ಮೇಜಿನ ಮೇಲೆ ಇಷ್ಟು ಇರಲಿ. ಆಧಾರ್ ಜೋಡಿಸಿದ ಪ್ಯಾನ್. ಆಧಾರ್‌ಗೆ ಕೊಟ್ಟ ನಂಬರಿನ ಫೋನ್, ಯಾಕೆಂದರೆ ಓಟಿಪಿ ಅದಕ್ಕೇ ಬರುತ್ತದೆ. ಎಲ್ಲ ಬ್ಯಾಂಕ್ ಖಾತೆಗಳ ಒಂದು ವರ್ಷದ ಸ್ಟೇಟ್‌ಮೆಂಟ್. ಸಂಬಳ ಇದ್ದರೆ ಫಾರ್ಮ್ 16. ಒಂದು ಬಿಳಿ ಹಾಳೆ, ಒಂದು ಪೆನ್ನು.

ಆಮೇಲೆ ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ತಾಣಕ್ಕೆ ಹೋಗಿ ಎರಡು ಕಾಗದ ಇಳಿಸಿಕೊಳ್ಳಿ. ಒಂದು ಫಾರ್ಮ್ 26ಎಎಸ್. ನಿಮ್ಮ ಹೆಸರಲ್ಲಿ ಯಾರ್ಯಾರು ಎಷ್ಟು ತೆರಿಗೆ ಕತ್ತರಿಸಿ ಕಟ್ಟಿದ್ದಾರೆ ಅನ್ನುವುದು ಅದರಲ್ಲಿದೆ. ಇನ್ನೊಂದು ಎಐಎಸ್. ಬ್ಯಾಂಕಿನ ಬಡ್ಡಿ, ಶೇರು, ಜಮೀನು ಮಾರಾಟ, ಸರಕಾರಕ್ಕೆ ನಿಮ್ಮ ಬಗ್ಗೆ ಏನೇನು ಗೊತ್ತಿದೆಯೋ ಹೆಚ್ಚುಕಡಿಮೆ ಎಲ್ಲ ಅದರಲ್ಲಿ ಇರುತ್ತದೆ. ಮೊದಲ ಸಲ ಎಐಎಸ್ ನೋಡಿದವರು ಗಾಬರಿ ಬೀಳುತ್ತಾರೆ. ಗಾಬರಿ ಬೇಡ. ನಿಮ್ಮ ಹತ್ತಿರ ಇರುವ ಲೆಕ್ಕ, ಅವರ ಹತ್ತಿರ ಇರುವ ಲೆಕ್ಕ, ಎರಡನ್ನೂ ಸಾಲಿಗೆ ಸಾಲು ಹೋಲಿಸಿ. ನಮ್ಮ ಅಂಗಡಿಯಲ್ಲಿ ರೈತರ ಚೀಟಿ ಮತ್ತು ನಮ್ಮ ಪಟ್ಟಿ ಹೋಲಿಸುವ ಹಾಗೆಯೇ. ಎಐಎಸ್‌ನಲ್ಲಿ ನಿಮ್ಮದಲ್ಲದ ಮೊತ್ತ ಕಂಡರೆ ಅಲ್ಲೇ "ಇದು ನನ್ನದಲ್ಲ" ಅಂತ ದಾಖಲಿಸುವ ಅವಕಾಶ ಇದೆ.

ಮೆಟ್ಟಿಲ ಲೆಕ್ಕ

ಈಗ ಹಾಳೆ ತಗೊಳ್ಳಿ. ಇಡೀ ಕೆಲಸದಲ್ಲಿ ನಾನು ಜಾಸ್ತಿ ಹೊತ್ತು ಕೂರಿಸುವುದು ಇಲ್ಲಿಯೇ. ಕಂಪ್ಯೂಟರ್ ತಾನೇ ಲೆಕ್ಕ ಮಾಡುತ್ತದೆ, ನಿಜ. ಆದರೆ ಕೈಯಿಂದ ಒಮ್ಮೆ ಮಾಡಿದವರಿಗೆ ಮಾತ್ರ ಈ ತೆರಿಗೆ ಹೇಗೆ ಕಟ್ಟಿದ್ದಾರೆ ಅನ್ನುವುದು ತಿಳಿಯುತ್ತದೆ.

ಹೊಸ ಪದ್ಧತಿಯ ದರಗಳನ್ನು ಮೆಟ್ಟಿಲ ಹಾಗೆ ಬರೆಯಿರಿ. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. 4ರಿಂದ 8 ಲಕ್ಷದವರೆಗೆ ಶೇ. 5. 8ರಿಂದ 12ಕ್ಕೆ ಶೇ. 10. 12ರಿಂದ 16ಕ್ಕೆ ಶೇ. 15. 16ರಿಂದ 20ಕ್ಕೆ ಶೇ. 20. 20ರಿಂದ 24ಕ್ಕೆ ಶೇ. 25. 24 ಲಕ್ಷದ ಮೇಲೆ ಶೇ. 30.

ಒಬ್ಬರ ವರ್ಷದ ಸಂಬಳ 15,75,000 ಅಂತ ಇಟ್ಟುಕೊಳ್ಳಿ. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಉಳಿದದ್ದು 15 ಲಕ್ಷ. "15 ಲಕ್ಷ ಅಂದರೆ ಶೇ. 15ರ ಸಾಲು, ಅಂದರೆ 2,25,000 ಹೋಯಿತು" ಅಂತ ಜನ ಹೆದರುತ್ತಾರೆ. ಹಾಗಲ್ಲ. ಒಂದೊಂದು ಮೆಟ್ಟಿಲ ದುಡ್ಡಿಗೆ ಆ ಮೆಟ್ಟಿಲ ದರ ಅಷ್ಟೇ. ಮೊದಲ 4 ಲಕ್ಷಕ್ಕೆ ಸೊನ್ನೆ. ಮುಂದಿನ 4 ಲಕ್ಷಕ್ಕೆ 20,000. ಅದರ ಮೇಲಿನ 4 ಲಕ್ಷಕ್ಕೆ 40,000. ಕೊನೆಯ 3 ಲಕ್ಷಕ್ಕೆ 45,000. ಒಟ್ಟು 1,05,000. ಅದರ ಮೇಲೆ ಆರೋಗ್ಯ ಮತ್ತು ಶಿಕ್ಷಣ ಸೆಸ್ ಶೇ. 4, ಅಂದರೆ 4,200. ಕಟ್ಟಬೇಕಾದದ್ದು 1,09,200. ಇಡೀ ಸಂಬಳಕ್ಕೆ ಹೋಲಿಸಿದರೆ ಶೇ. 7ಕ್ಕಿಂತ ಸ್ವಲ್ಪ ಕಡಿಮೆ.

ಈ ಮೆಟ್ಟಿಲು ನನಗೆ ತುಂಬಾ ಹಿಡಿಸುತ್ತದೆ. ವರ್ಷಕ್ಕೆ ಒಂದು ಕೋಟಿ ದುಡಿಯುವವರ ಮೊದಲ 4 ಲಕ್ಷಕ್ಕೂ ತೆರಿಗೆ ಇಲ್ಲ, ನನ್ನ ಮೊದಲ 4 ಲಕ್ಷಕ್ಕೂ ಇಲ್ಲ. ಹೊಟ್ಟೆ ಬಟ್ಟೆಯ ಪಾಲನ್ನು ಎಲ್ಲರಿಗೂ ಬಿಟ್ಟು, ಮೇಲೆ ಹೋದ ಹಾಗೆ ಜಾಸ್ತಿ ಕೇಳುತ್ತಾರೆ. ಸ್ನಾನದ ಸಾಬೂನಿನ ಮೇಲಿನ ಜಿಎಸ್‌ಟಿ ಹಾಗಲ್ಲ. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ರಿಂದ 5ಕ್ಕೆ ಇಳಿದಿದೆ, ಒಳ್ಳೆಯದೇ ಆಯಿತು. ಆದರೆ ಆ 5 ಗಂಜಿನ ಹಮಾಲರಿಗೂ ಅಷ್ಟೇ, ಹತ್ತಿ ಮಿಲ್ಲಿನ ಮಾಲೀಕರಿಗೂ ಅಷ್ಟೇ. "ಬಡವರು ತೆರಿಗೆ ಕಟ್ಟುವುದಿಲ್ಲ" ಅನ್ನುವವರು ಹಮಾಲರ ಕಿರಾಣಿ ಚೀಟಿ ಒಂದು ಸಲ ನೋಡಬೇಕು. ಯಾರ ಕೈಯಲ್ಲಿ ಎಷ್ಟಿದೆ ಅಂತ ಕೇಳಿ ವಸೂಲಿ ಮಾಡುವ ದೊಡ್ಡ ತೆರಿಗೆ ಅಂದರೆ ಆದಾಯ ತೆರಿಗೆಯೇ. ಅದಕ್ಕೇ ಅದನ್ನು ಸರಿಯಾಗಿ ತುಂಬುವುದರ ಬಗ್ಗೆ ನಾನು ಇಷ್ಟು ಹಟ ಹಿಡಿಯುತ್ತೇನೆ.

ಮೆಟ್ಟಿಲ ಎತ್ತರ ಎಷ್ಟಿರಬೇಕು ಅನ್ನುವ ಜಗಳ ಹಳೆಯದು. 1973-74ರಲ್ಲಿ ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಸರ್‌ಚಾರ್ಜ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ಸೇರಿ ಶೇ. 97.75 ಇತ್ತು. ಆ ಮೆಟ್ಟಿಲಲ್ಲಿ 100 ರೂಪಾಯಿ ದುಡಿದರೆ ಎರಡೂಕಾಲು ರೂಪಾಯಿ ಕೈಗೆ. ಅಷ್ಟು ಕೇಳಿದರೆ ಜನ ಲೆಕ್ಕವನ್ನೇ ಮುಚ್ಚಿಡುತ್ತಾರೆ, ಅಲ್ವಾ? ಮರುವರ್ಷ ಅದನ್ನು ಶೇ. 77ಕ್ಕೆ ಇಳಿಸಿದರು. 1997ರ ಬಜೆಟ್‌ನಲ್ಲಿ 10, 20, 30 ಅಂತ ಮೂರೇ ಮೆಟ್ಟಿಲು ಉಳಿದವು. ಮೇಲಿನ ದರ ಅಂದಿನಿಂದ ಇಂದಿನವರೆಗೆ ಶೇ. 30ರಲ್ಲೇ ನಿಂತಿದೆ. ತೀರಾ ದೊಡ್ಡ ಆದಾಯದವರಿಗೆ ಅದರ ಮೇಲೆ ಸರ್‌ಚಾರ್ಜ್ ಬೀಳುತ್ತದೆ.

ಈ ಮೆಟ್ಟಿಲಲ್ಲಿ ಒಂದು ಕಡೆ ಕಲ್ಲು ಸಡಿಲ ಇದೆ, ಅದನ್ನೂ ಹೇಳಬೇಕು. ನಮ್ಮ ಓಣಿಯಲ್ಲಿ ಪಿಯು ಕಾಲೇಜಿನ ಉಪನ್ಯಾಸಕರೊಬ್ಬರು ಇದ್ದಾರೆ. ಸಂಬಳ 12,75,000. ಡಿಡಕ್ಷನ್ ಕಳೆದರೆ ಸರಿಯಾಗಿ 12 ಲಕ್ಷ, ತೆರಿಗೆ ಸೊನ್ನೆ. "ಪೇಪರ್ ವ್ಯಾಲ್ಯುಯೇಷನ್ನಿಂದ 10,000 ಬರುತ್ತದೆ. ತಗೊಂಡರೆ 60 ಸಾವಿರ ತೆರಿಗೆ ಬೀಳುತ್ತದಂತೆ, ಹೌದಾ?" ಅಂತ ಕೇಳಿದರು. ಕೂತು ಲೆಕ್ಕ ಹಾಕಿದೆವು. 12,10,000ಕ್ಕೆ ಮೆಟ್ಟಿಲ ಪ್ರಕಾರ 61,500 ಆಗುತ್ತದೆ. ಆದರೆ ಮಾರ್ಜಿನಲ್ ರಿಲೀಫ್ ಅಂತ ಒಂದಿದೆ. 12 ಲಕ್ಷದ ಮೇಲೆ ಎಷ್ಟು ದುಡಿದಿರೋ ಅದಕ್ಕಿಂತ ಜಾಸ್ತಿ ತೆರಿಗೆ ಕೇಳಬಾರದು. ಹಾಗಾಗಿ ತೆರಿಗೆ 10,000, ಸೆಸ್ 400. ಒಟ್ಟು 10,400.

60 ಸಾವಿರದ ಭಯ ಸುಳ್ಳಾಯಿತು. ಆದರೆ 10,000 ದುಡಿದು 10,400 ಕೊಡಬೇಕಾಯಿತು. 12 ಲಕ್ಷದಿಂದ ಸುಮಾರು 12,70,000ದವರೆಗೆ ಇದೇ ಕಥೆ. ದುಡಿದ ಪ್ರತಿ ರೂಪಾಯಿಯೂ ತೆರಿಗೆಗೇ ಹೋಗುತ್ತದೆ. ಅಲ್ಲಿಂದ ಮೇಲೆ ಮತ್ತೆ ಮಾಮೂಲು ಮೆಟ್ಟಿಲು. ನನ್ನ ಪ್ರಕಾರ ಇದು ಸರಿಯಲ್ಲ. ರಿಬೇಟನ್ನು ಒಂದೇ ಗೆರೆಯಲ್ಲಿ ಕತ್ತರಿಸದೆ ನಿಧಾನಕ್ಕೆ ಇಳಿಸಬಹುದಿತ್ತು. ಆ ಉಪನ್ಯಾಸಕರು ವ್ಯಾಲ್ಯುಯೇಷನ್‌ಗೆ ಹೋದರು, ಅದನ್ನು ರಿಟರ್ನಿನಲ್ಲಿ ತೋರಿಸಿದರು. ಮಕ್ಕಳ ಪೇಪರ್ ಯಾರಾದರೂ ನೋಡಲೇಬೇಕಲ್ಲ ಅಂದರು.

ಹಳೇ ಪದ್ಧತಿ ಇನ್ನೂ ಇದೆ. ಅದರಲ್ಲಿ ತೆರಿಗೆ ಇಲ್ಲದ ಭಾಗ ಬರೀ 2.5 ಲಕ್ಷ, 10 ಲಕ್ಷದ ಮೇಲೆ ಶೇ. 30. ಆದರೆ ಎಲ್ಐಸಿ, ಪಿಎಫ್‌ಗೆ 1.5 ಲಕ್ಷದವರೆಗೆ ಕಳೆಯಬಹುದು. ಗೃಹಸಾಲದ ಬಡ್ಡಿ, ಮನೆ ಬಾಡಿಗೆ ಭತ್ಯೆ, ಆರೋಗ್ಯ ವಿಮೆಗೂ ವಿನಾಯಿತಿ ಇದೆ. ದೊಡ್ಡ ಗೃಹಸಾಲ ಇರುವ ಕೆಲವರಿಗೆ ಇನ್ನೂ ಲಾಭ. ಉಳಿದವರಿಗೆ ಹೊಸದೇ ಸಾಕು. ಎರಡನ್ನೂ ಹಾಳೆ ಮೇಲೆ ಹಾಕಿ ನೋಡಿ, ಹತ್ತು ನಿಮಿಷದ ಕೆಲಸ. ಸಂಬಳದವರು ಪ್ರತಿ ವರ್ಷ ಬದಲಿಸಬಹುದು.

ಹೊಸ ಪದ್ಧತಿಯಲ್ಲಿ ಪಿಂಚಣಿದಾರರಿಗೂ 75,000 ಡಿಡಕ್ಷನ್ ಇದೆ. ತೀರಿಹೋದ ಗಂಡನ ಪಿಂಚಣಿ ಪಡೆಯುವ ಅಮ್ಮಂದಿರಿಗೆ ಅದು ಬೇರೆ: ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅದು. ಅದನ್ನು "ಸಂಬಳ" ಅನ್ನುವ ಕಡೆ ಹಾಕಬೇಡಿ, "ಇತರ ಮೂಲಗಳು" ಅನ್ನುವಲ್ಲಿ ಹಾಕಿ.

ಕತ್ತರಿಸಿದ ದುಡ್ಡು ಕೇಳಿ ತಗೊಳ್ಳಿ

ನಮ್ಮ ಹಿಂದಿನ ಮನೆಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾನೆ. ನಾಲ್ಕು ಹುಡುಗರನ್ನು ಕಟ್ಟಿಕೊಂಡು ಸಣ್ಣ ಸಣ್ಣ ಗುತ್ತಿಗೆ ಮಾಡುತ್ತಾನೆ. ವರ್ಷಕ್ಕೆ ಬಿಲ್ಲು 6,20,000. ಹುಡುಗರ ಕೂಲಿ, ವೈರು, ಓಡಾಟ ಕಳೆದರೆ ಮನೆಗೆ ಉಳಿಯುವುದು 2,10,000. ಅವನಿಗೆ ಒಂದು ರೂಪಾಯಿ ತೆರಿಗೆಯೂ ಬರುವುದಿಲ್ಲ. ಆದರೆ ಕೆಲಸ ಕೊಟ್ಟವರು ಪ್ರತಿ ಬಿಲ್ಲಿಗೆ ಶೇ. 1 ಟಿಡಿಎಸ್ ಕತ್ತರಿಸುತ್ತಾರೆ. ಒಂದೇ ಬಿಲ್ಲು 30,000 ದಾಟಿದರೆ ಅಥವಾ ವರ್ಷಕ್ಕೆ ಒಟ್ಟು 1 ಲಕ್ಷ ದಾಟಿದರೆ ಕತ್ತರಿಸಲೇಬೇಕು, ಅದು ಕಾನೂನು. ವರ್ಷಕ್ಕೆ 6,200 ರೂಪಾಯಿ. ಮೂರು ವರ್ಷ ಅವನು ರಿಟರ್ನ್ ಹಾಕಿರಲಿಲ್ಲ. "ತೆರಿಗೆ ನಮ್ಮಂಥವರಿಗಲ್ಲ ಅಕ್ಕ" ಅಂದ.

ಅವನ ಮಗಳ ಒಂದು ವರ್ಷದ ಪುಸ್ತಕ, ಬಟ್ಟೆ, ಬಸ್ ಪಾಸಿಗೆ ಆಗುವಷ್ಟು ದುಡ್ಡು ಅದು. ಅವನದೇ ಹಣ. ಸರಕಾರ ಕೊಡಲ್ಲ ಅಂದಿಲ್ಲ, ಇವನು ಕೇಳಿಲ್ಲ ಅಷ್ಟೇ. ಇಂಥ ಎಷ್ಟು ಜನ ಇದ್ದಾರೋ. ಸೆಂಟ್ರಿಂಗ್ ಮೇಸ್ತ್ರಿಗಳು, ಶಾಮಿಯಾನಾ ಹಾಕುವವರು. ದೊಡ್ಡವರ ಲೆಕ್ಕ ನೋಡಲು ಆಡಿಟರ್ ಇರುತ್ತಾರೆ, ಒಂದು ರೂಪಾಯಿ ಬಿಡದೆ ವಾಪಸ್ ತರಿಸುತ್ತಾರೆ. ಇವರದು ಹಾಗೇ ಉಳಿದುಬಿಡುತ್ತದೆ. ನನಗೆ ಇದಕ್ಕಿಂತ ದೊಡ್ಡ ಅನ್ಯಾಯ ಈ ವಿಷಯದಲ್ಲಿ ಕಾಣುವುದಿಲ್ಲ, ಮತ್ತು ಇದನ್ನು ಸರಿಮಾಡುವುದು ನಮ್ಮ ಕೈಯಲ್ಲೇ ಇದೆ.

ಇಂಥವರು ಐಟಿಆರ್-4 ಅನ್ನುವ ರಿಟರ್ನ್ ಫಾರ್ಮ್ ತುಂಬಬೇಕು. ಪೂರ್ತಿ ಲೆಕ್ಕದ ಪುಸ್ತಕ ಬೇಕಿಲ್ಲ. 44ಎಡಿ ಕಲಂ ಪ್ರಕಾರ ವಹಿವಾಟು 2 ಕೋಟಿಯೊಳಗಿದ್ದರೆ, ಬ್ಯಾಂಕಿನ ಮೂಲಕ ಬಂದ ದುಡ್ಡಿನಲ್ಲಿ ಕನಿಷ್ಠ ಶೇ. 6, ನಗದಾಗಿ ಬಂದದ್ದರಲ್ಲಿ ಕನಿಷ್ಠ ಶೇ. 8 ಲಾಭ ಅಂತ ತೋರಿಸಬಹುದು. ನಿಜವಾಗಿ ಜಾಸ್ತಿ ಉಳಿದಿದ್ದರೆ ಜಾಸ್ತಿಯೇ ತೋರಿಸಿ. ಆ ಎಲೆಕ್ಟ್ರಿಷಿಯನ್ ಕೈಲಿ ನಾನು 2,10,000 ಅಂತಲೇ ಬರೆಸಿದೆ. ಆಗಲೂ ತೆರಿಗೆ ಸೊನ್ನೆ. ನಾಳೆ ಬ್ಯಾಂಕಿನಲ್ಲಿ ಸಾಲ ಕೇಳಿದಾಗ ಅದೇ ಕಾಗದ ಅವನ ದುಡಿಮೆಗೆ ಸಾಕ್ಷಿ.

ಒಂದು ಎಚ್ಚರಿಕೆ. ಕಮಿಷನ್ ಆದಾಯಕ್ಕೆ ಈ 44ಎಡಿ ನಡೆಯುವುದಿಲ್ಲ. ಗಂಜಿನಲ್ಲಿ ಎಷ್ಟೋ ಜನ ಇಲ್ಲೇ ತಪ್ಪುತ್ತಾರೆ. ಅಡತಿಯವರು, ದಲ್ಲಾಳಿಗಳು, ಏಜೆಂಟರು ಮಾಮೂಲು ಲೆಕ್ಕ ಬರೆದು ಐಟಿಆರ್-3 ಹಾಕಬೇಕು.

ಹಳೇ ವರ್ಷದ್ದು ಬಿಟ್ಟುಹೋಗಿದ್ದರೆ? ಡಿಸೆಂಬರ್ 31 ದಾಟಿದ ಮೇಲೆ ಅಪ್‌ಡೇಟೆಡ್ ರಿಟರ್ನ್ ಅಂತ ಒಂದಿದೆ, ಆದರೆ ಅದರಲ್ಲಿ ರಿಫಂಡ್ ಕೇಳಲು ಬರುವುದಿಲ್ಲ. ಅದಕ್ಕೆ ಬೇರೆ ದಾರಿ ಇದೆ. 119(2)(ಬಿ) ಕಲಂ ಅಡಿಯಲ್ಲಿ ವಿಳಂಬ ಮನ್ನಾ ಮಾಡಿ ಅಂತ ಅದೇ ತಾಣದಲ್ಲಿ ಅರ್ಜಿ ಹಾಕಬಹುದು. ಆ ಅಸೆಸ್‌ಮೆಂಟ್ ವರ್ಷ (ದುಡಿದ ವರ್ಷದ ಮರುವರ್ಷ) ಮುಗಿದ 5 ವರ್ಷದೊಳಗೆ ಹಾಕಬೇಕು. ಯಾಕೆ ತಡವಾಯಿತು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ, ಬಿಲ್ಲು ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ. ಎಲೆಕ್ಟ್ರಿಷಿಯನ್‌ನ ಹೊಸ ವರ್ಷದ ರಿಟರ್ನ್ ಸಮಯಕ್ಕೆ ಹೋಯಿತು, 6,200 ವಾಪಸ್ ಬಂತು. ಹಳೇ ವರ್ಷಗಳಿಗೆ ಅರ್ಜಿ ಹಾಕಿದ್ದೇವೆ.

ಹೊಲದ ದುಡ್ಡು

ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಸಂವಿಧಾನ ಆ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಎರಡು ಎಕರೆಯಲ್ಲಿ ತೊಗರಿ ಹಾಕಿ ಮಳೆಗೆ ಕಾಯುವವರಿಗೆ ತೆರಿಗೆ ಬೇಡ ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಅವರ ಪಟ್ಟಿ ಬರೆಯುವುದು ನಾನೇ. ಬೀಜ, ಗೊಬ್ಬರದ ಬಾಕಿ ಕಳೆದು ಕೈಗೆ ಎಷ್ಟು ಹೋಗುತ್ತದೆ ಅಂತ ಗೊತ್ತು. ಆದರೆ ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನೂರಾರು ಎಕರೆ ಭತ್ತ ಇರುವವರಿಗೂ ಅದೇ ಸೊನ್ನೆ. ಇದರ ಬಗ್ಗೆ 1972ರಲ್ಲೇ ಕೆ.ಎನ್. ರಾಜ್ ಸಮಿತಿ ವರದಿ ಕೊಟ್ಟಿತ್ತು. ದೊಡ್ಡ ಹಿಡುವಳಿದಾರರ ಮೇಲೆ ತೆರಿಗೆ ಹಾಕುವ ಬಗೆಯನ್ನೂ ಹೇಳಿತ್ತು. ಅದು ಜಾರಿಗೆ ಬರಲಿಲ್ಲ. ಇನ್ನೂ ಕೆಟ್ಟದ್ದು, ವ್ಯಾಪಾರದ ಲಾಭವನ್ನು ಹೊಲದ ದುಡ್ಡು ಅಂತ ತೋರಿಸುವುದು. ರೈತರ ಹೆಸರಲ್ಲಿ ಸಿಕ್ಕ ವಿನಾಯಿತಿಯಲ್ಲಿ ರೈತರಲ್ಲದವರು ಅಡಗಿ ಕೂರುವುದು ನನಗೆ ಸಹಿಸಲು ಆಗುವುದಿಲ್ಲ.

ನೀವು ಸಂಬಳದವರಾಗಿದ್ದು ಊರಲ್ಲಿ ಹೊಲ ಇದ್ದರೆ ಹೀಗೆ ಮಾಡಿ. ಕೃಷಿ ಆದಾಯ 5,000ದೊಳಗಿದ್ದರೆ ಐಟಿಆರ್-1 ಸಾಕು. ಮೇಲಿದ್ದರೆ ಐಟಿಆರ್-2. ಹೊಲ ಲೀಸಿಗೆ ಕೊಟ್ಟು ಬಂದ ದುಡ್ಡೂ ಕೃಷಿ ಆದಾಯವೇ. ಎಮ್ಮೆ ಹಾಲು, ಕೋಳಿ ಸಾಕಣೆ ಮಾತ್ರ ಅಲ್ಲ, ಅವು ವ್ಯಾಪಾರದ ಆದಾಯ. ಹೊಲದ ದುಡ್ಡಿಗೆ ನೇರವಾಗಿ ತೆರಿಗೆ ಬೀಳುವುದಿಲ್ಲ. ಆದರೆ ನಿಮ್ಮ ಬೇರೆ ಆದಾಯ ಯಾವ ಮೆಟ್ಟಿಲಲ್ಲಿ ಕೂರಬೇಕು ಅಂತ ನೋಡುವಾಗ ಅದನ್ನೂ ಸೇರಿಸುತ್ತಾರೆ. ಹಾಗಾಗಿ ಮುಚ್ಚಿಡಬೇಡಿ. ಪಹಣಿ ಮತ್ತು ಅಡತಿ ಅಂಗಡಿಯ ಪಟ್ಟಿ ಒಂದು ಫೈಲಿನಲ್ಲಿ ಇಡಿ.

ಪಾಸ್‌ವರ್ಡ್ ಯಾರ ಕೈಗೂ ಬೇಡ

ಇದು ನನ್ನ ತಮ್ಮನಿಗೆ ಆದದ್ದು. ಒಬ್ಬ ಏಜೆಂಟ್ "ರಿಫಂಡ್ ಬಂದದ್ದರಲ್ಲಿ ಇಷ್ಟು ಭಾಗ ನನಗೆ" ಅಂತ ಹೇಳಿ ಅವನ ಪಾಸ್‌ವರ್ಡ್ ತಗೊಂಡ. 42,000 ರಿಫಂಡ್ ಬಂತು. ತಮ್ಮ ಖುಷಿಪಟ್ಟ. ನಾನು ರಿಟರ್ನ್ ತೆಗೆದು ನೋಡಿದೆ. ಅವನು ಕಟ್ಟದ ವಿಮೆ, ಕೊಡದ ದೇಣಿಗೆ, ಇಲ್ಲದ ಮನೆ ಬಾಡಿಗೆ. ರಾತ್ರಿ ನಿದ್ದೆ ಬರಲಿಲ್ಲ. ಕಾನೂನಿನ ಕಣ್ಣಿಗೆ ಏಜೆಂಟ್ ಯಾರೂ ಅಲ್ಲ, ರಿಟರ್ನ್ ತಮ್ಮನದು. ಸುಳ್ಳು ತೋರಿಸಿದ್ದು ಸಿಕ್ಕಿಬಿದ್ದರೆ ತೆರಿಗೆಯ ಶೇ. 200ರಷ್ಟು ದಂಡ ಹಾಕಬಹುದು. ನೋಟಿಸ್ ಬರುವ ಮುಂಚೆಯೇ ಅಪ್‌ಡೇಟೆಡ್ ರಿಟರ್ನ್ ಹಾಕಿಸಿದೆ. 42,000, ಅದರ ಬಡ್ಡಿ, ಎರಡರ ಮೇಲೆ ಶೇ. 25 ಜಾಸ್ತಿ ಕಟ್ಟಿದ. ಅಸೆಸ್‌ಮೆಂಟ್ ವರ್ಷ ಮುಗಿದ ಒಂದು ವರ್ಷದೊಳಗೆ ಸರಿಮಾಡಿದರೆ ಶೇ. 25, ಆಮೇಲೆ ವರ್ಷದಿಂದ ವರ್ಷಕ್ಕೆ ಏರುತ್ತಾ ನಾಲ್ಕನೇ ವರ್ಷಕ್ಕೆ ಶೇ. 70.

ಸುಳ್ಳು ರಿಫಂಡ್ ಆಕಾಶದಿಂದ ಬೀಳುವುದಿಲ್ಲ. ಫಾರ್ಮ್ 16ರಲ್ಲಿ ಕತ್ತರಿಸಿಕೊಂಡು ಸುಮ್ನೆ ಇರುವ ನರ್ಸಮ್ಮ, ಮೇಷ್ಟ್ರು ಕೊಟ್ಟ ದುಡ್ಡದು. ತಮ್ಮನಿಗೆ ನಾನು ಹೇಳಿದ್ದು ಇಷ್ಟೇ.

ಈ ದುಡ್ಡು ಎಲ್ಲಿಗೆ ಹೋಗುತ್ತದೆ

ಫಾರ್ಮ್ ತುಂಬುವಾಗ ಎಲ್ಲರೂ ಕೇಳುವ ಪ್ರಶ್ನೆ ಇದು. ಆದಾಯ ತೆರಿಗೆ ಕೇಂದ್ರಕ್ಕೆ ಹೋಗುತ್ತದೆ. 15ನೇ ಹಣಕಾಸು ಆಯೋಗದ ಪ್ರಕಾರ 2021ರಿಂದ 2026ರವರೆಗೆ, ಹಂಚಿಕೊಳ್ಳುವ ತೆರಿಗೆಯಲ್ಲಿ ಶೇ. 41 ರಾಜ್ಯಗಳಿಗೆ ಹೋಗುತ್ತಿತ್ತು. ಅದರಲ್ಲಿ ಕರ್ನಾಟಕದ ಪಾಲು ಶೇ. 3.647 ಇತ್ತು. ಅಂದರೆ ಇಡೀ ದೇಶದಿಂದ ಕೂಡಿದ 100 ರೂಪಾಯಿಯಲ್ಲಿ ನಮ್ಮ ರಾಜ್ಯಕ್ಕೆ ಬರುತ್ತಿದ್ದದ್ದು ಸುಮಾರು ಒಂದೂವರೆ ರೂಪಾಯಿ. ಅದರ ಹಿಂದಿನ ಆಯೋಗದಲ್ಲಿ ಈ ಪಾಲು 4.713 ಇತ್ತು. ಇನ್ನು ಸೆಸ್, ಸರ್‌ಚಾರ್ಜ್ ಹಂಚಿಕೆಗೆ ಬರುವುದೇ ಇಲ್ಲ. ಮೇಲಿನ ಲೆಕ್ಕದ 4,200 ಸೆಸ್ ಪೂರ್ತಿ ಕೇಂದ್ರದ್ದೇ.

2024ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ದೆಹಲಿಯ ಜಂತರ್ ಮಂತರ್‌ಗೆ ಹೋಗಿ "ನನ್ನ ತೆರಿಗೆ ನನ್ನ ಹಕ್ಕು" ಅಂತ ಕೂತಿತು. ಪಾಲು ಕಡಿಮೆಯಾದ ನೋವು ನನಗೂ ಇದೆ. ಸೆಸ್ ಹಂಚಬೇಕು ಅನ್ನುವುದೂ ನನ್ನ ಮಾತೇ. ಆದರೆ ಆ ಘೋಷಣೆಯನ್ನು ರಾಯಚೂರಿನವರು ಹಾಗೇ ಎತ್ತಿಕೊಳ್ಳಬಾರದು ಅನ್ನಿಸುತ್ತದೆ. ಕೊಟ್ಟವರಿಗೇ ವಾಪಸ್ ಅನ್ನುವ ಲೆಕ್ಕವನ್ನು ರಾಜ್ಯದ ಒಳಗೆ ಹಾಕಿದರೆ ಎಲ್ಲ ಬೆಂಗಳೂರಿಗೆ ಹೋಗುತ್ತದೆ. ನಮ್ಮ ಜಿಲ್ಲೆಯ ದೇವದುರ್ಗಕ್ಕೆ ಏನು ಉಳಿಯುತ್ತದೆ? 2002ರಲ್ಲಿ ನಂಜುಂಡಪ್ಪ ಸಮಿತಿ 114 ತಾಲೂಕು ಹಿಂದುಳಿದಿವೆ ಅಂತ ಗುರುತಿಸಿದ್ದು, ನಮ್ಮ ಭಾಗಕ್ಕೆ ಸಂವಿಧಾನದ 371ಜೆ ಕಲಂನ ವಿಶೇಷ ಸ್ಥಾನ ಬಂದದ್ದು, ಎಲ್ಲದರ ಹಿಂದೆ ಇರುವುದು ಉಳ್ಳ ಕಡೆಯಿಂದ ಇಲ್ಲದ ಕಡೆಗೆ ಹಣ ಹರಿಯಬೇಕು ಅನ್ನುವ ಮಾತು. ಮೆಟ್ಟಿಲ ತೆರಿಗೆ ಜನರ ನಡುವೆ ಮಾಡುವುದನ್ನೇ ಇದು ಊರುಗಳ ನಡುವೆ ಮಾಡುತ್ತದೆ. ನಾವು ಕೇಳಬೇಕಾದದ್ದು ನಮಗೆ ಹರಿದು ಬಂದದ್ದು ಹೇಗೆ ಖರ್ಚಾಯಿತು ಅಂತ. 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಏಮ್ಸ್ ಆಸ್ಪತ್ರೆಗಾಗಿ ಧರಣಿ ಶುರುವಾಯಿತು. ಆ ಟೆಂಟಿನ ಮುಂದೆ ಹಾದು ಹೋಗುವಾಗೆಲ್ಲ ಇವರೂ ತೆರಿಗೆಯ ಲೆಕ್ಕವನ್ನೇ ಕೇಳುತ್ತಿದ್ದಾರೆ ಅಂದುಕೊಂಡಿದ್ದೇನೆ.

ಬಟನ್ ಒತ್ತುವ ಮುಂಚೆ

ಈಗ ತಾಣದಲ್ಲಿ ಫಾರ್ಮ್ ತೆರೆಯಿರಿ. ಅಸೆಸ್‌ಮೆಂಟ್ ವರ್ಷ 2026-27 ಆರಿಸಿ. ಇಲ್ಲಿ ತಪ್ಪುವವರು ತುಂಬಾ ಜನ, ದುಡಿದ ವರ್ಷವನ್ನೇ ಆರಿಸಿಬಿಡುತ್ತಾರೆ. ಎಷ್ಟೋ ಅಂಕಿಗಳು ಮೊದಲೇ ತುಂಬಿ ಬರುತ್ತವೆ. ಅವುಗಳನ್ನು ನಂಬಿ ಮುಂದೆ ಹೋಗಬೇಡಿ, ಹಾಳೆಯ ಲೆಕ್ಕದ ಜೊತೆ ತಾಳೆ ನೋಡಿ. ಉಳಿತಾಯ ಖಾತೆಯ ಬಡ್ಡಿ 300 ರೂಪಾಯಿ ಇದ್ದರೂ ಬರೆಯಿರಿ. ಹಾಳೆಯ ತೆರಿಗೆ, ಪರದೆಯ ತೆರಿಗೆ ಒಂದೇ ಬಂದರೆ ಮಾತ್ರ ಮುಂದಕ್ಕೆ ಹೋಗಿ.

ರಿಫಂಡ್ ಬರಬೇಕಾದ ಬ್ಯಾಂಕ್ ಖಾತೆಯನ್ನು ಮೊದಲೇ ದೃಢೀಕರಿಸಿ. ಪ್ಯಾನ್‌ನಲ್ಲಿರುವ ಹೆಸರು ಮತ್ತು ಖಾತೆಯ ಹೆಸರು ಒಂದೇ ಇರಬೇಕು. ಅಪ್ಪನ ಹೆಸರು, ಊರ ಹೆಸರು ಹಿಂದೆ ಮುಂದೆ ಆಗಿರುವುದು ನಮ್ಮ ಕಡೆ ಜಾಸ್ತಿ. ಅದನ್ನು ಸರಿಮಾಡಿಸಲು ಒಂದು ವಾರ ಕೈಯಲ್ಲಿಟ್ಟುಕೊಳ್ಳಿ.

ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಬೇಕು. ಆಧಾರ್ ಓಟಿಪಿ ಸಾಕು. ಇದನ್ನು ಮರೆತರೆ ರಿಟರ್ನ್ ಹಾಕಿದ ಲೆಕ್ಕಕ್ಕೇ ಬರುವುದಿಲ್ಲ. ನಾನು ಅದೇ ಕುರ್ಚಿಯಲ್ಲಿ ಕೂರಿಸಿ, ಓಟಿಪಿ ಹಾಕಿಸಿ, ಆಮೇಲೆಯೇ ಚಹಾ ಕೊಡುತ್ತೇನೆ.

ಕಾಗದ ಬೆಂಗಳೂರಿನ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿಂದ 143(1) ಅಂತ ಒಂದು ಸೂಚನೆ ಇ-ಮೇಲ್‌ಗೆ ಬರುತ್ತದೆ. ನೋಟಿಸ್ ಅಂತ ಹೆದರಬೇಡಿ. ಅದರಲ್ಲಿ ಎರಡು ಸಾಲು ಪಕ್ಕಪಕ್ಕ ಇರುತ್ತವೆ. ಒಂದು ನೀವು ಹೇಳಿದ್ದು, ಇನ್ನೊಂದು ಅವರು ಲೆಕ್ಕ ಹಾಕಿದ್ದು. ಬೆರಳಿಟ್ಟು ಮೇಲಿಂದ ಕೆಳಗೆ ಓದಿ. ಎಲ್ಲಿ ಬೇರೆ ಬಂದಿದೆಯೋ ಅಲ್ಲಿ ಗುರುತು ಹಾಕಿ, ಹಾಳೆ ತೆಗೆದು ನೋಡಿ. ತಪ್ಪು ನಿಮ್ಮದಾದರೆ ಬಾಕಿ ಕಟ್ಟಿ, ಅವರದಾದರೆ ತಿದ್ದುಪಡಿ ಕೇಳಿ. ಎರಡೂ ಸರಿ ಇದ್ದರೆ ಪ್ರಿಂಟ್ ತೆಗೆದು ಆ ಹಾಳೆಯ ಜೊತೆ ಪಿನ್ ಮಾಡಿ ಫೈಲಿಗೆ ಹಾಕಿ.